ಕಿಲ್ಲಾ ಮತ್ತು ಮಾವಳೆ ಬೊಂಬೆಗಳು: ಕೊಲ್ಹಾಪುರ ಸೀಮೆ

ದೀಪಾವಳಿಯ ದಿನಗಳಲ್ಲಿ ಮನೆಯ ಅಂಗಳದಲ್ಲಾಗಲಿ, ಓಣಿಯ ಮೂಲೆಯಲ್ಲಾಗಲಿ, ಹಳೆಯ ವಾಡೆಗಳ ಕಟ್ಟೆಯ ಮಗ್ಗುಲಲ್ಲಾಗಲಿ ಮಕ್ಕಳು ಕಲ್ಲು, ಇಟ್ಟಿಗೆಯ ಚೂರು, ಗೋಣಿತಟ್ಟು, ಕೆಸರುಗಳಿಂದ ಕಟ್ಟಿ, ಬಣ್ಣ ತೊಡಿಸಿದ ಸೈನಿಕರ ಬೊಂಬೆಗಳನ್ನು ಬುರುಜು ಬುರುಜಿಗೂ ಕಾವಲಿಟ್ಟು ಸಿಂಗರಿಸುವ ಗಿರಿದುರ್ಗದ ಕಿರುರೂಪಕ್ಕೆ ಕೊಲ್ಹಾಪುರ ಸೀಮೆಯಲ್ಲಿ ಕಿಲ್ಲಾ ಎಂದು ಹೆಸರು. ಸಹ್ಯಾದ್ರಿಯ ಮಾವಳ ಪ್ರದೇಶದಿಂದ ಬಂದು ಶಿವಾಜಿ ಮಹಾರಾಜರ ಕಾಲಾಳುಗಳಾದವರ ನೆನಪಿಗಾಗಿ ಆ ಬೊಂಬೆಗಳಿಗೆ ಮಾವಳೆ ಎಂಬ ಹೆಸರು ನಿಂತಿದೆ. ಪುಣೆ, ಸಾತಾರ, ಸಾಂಗಲಿಗಳಲ್ಲಿಯೂ, ಗಡಿಯ ಈಚೆಗೆ ಬೆಳಗಾವಿ, ನಿಪ್ಪಾಣಿಗಳಲ್ಲಿಯೂ ಇದೇ ರೂಢಿಯುಂಟು. ಕನ್ನಡ ಮಾತಾಡುವ ಮನೆಗಳು ಹೇರಳವಾಗಿರುವ ಗಡಹಿಂಗ್ಲಜ, ಇಚಲಕರಂಜಿಗಳಲ್ಲಿ ಕೋಟೆ ಎಂಬ ನಮ್ಮ ಮಾತು ಗುಡ್ಡದ ಮೇಲಿನ ನಿಜವಾದ ದುರ್ಗಕ್ಕೆ ಸಂದರೆ, ಅಂಗಳದ ಮಣ್ಣಿನ ರಚನೆ ಮಾತ್ರ ಕನ್ನಡಿಗರ ಬಾಯಲ್ಲಿಯೂ ಕಿಲ್ಲಾ ಆಗಿಯೇ ಉಳಿದಿದೆ.

ಯುದ್ಧವನ್ನು ಅಂಗೈಯಗಲಕ್ಕೆ ಕುಗ್ಗಿಸಿ ಆಡುವ ಹವ್ಯಾಸ ಮನುಷ್ಯನಿಗೆ ಬಹು ಪ್ರಾಚೀನವಾದುದು. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳ ಸೇನೆಯನ್ನು ಮಣೆಯ ಮೇಲೆ ನಡೆಸುವ ಚತುರಂಗವನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ರಾಜಯೋಗ್ಯವಾದ ವಿನೋದಗಳ ಸಾಲಿಗೆ ಸೇರಿಸಿ ವಿವರಿಸಿದ್ದಾನೆ. ಯೂರೋಪಿನಲ್ಲಿ ಈ ಆಟ ಮಣೆಯನ್ನು ಬಿಟ್ಟು ನೆಲಕ್ಕಿಳಿದುದು ಬಹಳ ತಡವಾಗಿ: ಪ್ರಷ್ಯದ ರೈಸ್‌ವಿಟ್ಸ್ ಎಂಬ ಅಧಿಕಾರಿ 1812ರಲ್ಲಿ ಗುಡ್ಡ, ಹೊಳೆ, ಊರುಗಳನ್ನು ಗಚ್ಚಿನ ತುಣುಕುಗಳಲ್ಲಿ ಎರಕಹೊಯ್ದು ಬಣ್ಣವಿಟ್ಟು ಮೇಜಿನ ಮೇಲೆ ಜೋಡಿಸಿ ತನ್ನ ದೊರೆಗೆ ಒಪ್ಪಿಸಿದ ಯುದ್ಧಕ್ರೀಡೆಯನ್ನು ಅವನ ಮಗನು 1824ರಲ್ಲಿ ಪರಿಷ್ಕರಿಸಿ ಸೈನ್ಯದ ಶಿಕ್ಷಣಕ್ಕೆ ಒದಗಿಸಿದನು. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕುಟುಂಬದವರು ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕಹೊಯ್ಯುವ ಉಪಾಯ ಕಂಡುಕೊಂಡು ಅವುಗಳ ಬೆಲೆಯನ್ನು ಮಧ್ಯಮವರ್ಗದ ಮನೆಗಳಿಗೆ ಎಟುಕುವಂತೆ ಮಾಡಿದುದರಿಂದ, 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವುಗಳೊಡನೆ ನೆಲದ ಮೇಲೆ ಆಡುವ ಆಟಕ್ಕೆ ನಿಯಮಗಳನ್ನು ಬರೆದು ಪುಸ್ತಕವಾಗಿ ಪ್ರಕಟಿಸುವುದು ಸಾಧ್ಯವಾಯಿತು. ಪಶ್ಚಿಮದಲ್ಲಿ ಇಂದು ಕಿರುಸೈನಿಕರಿಗೆ ಬಣ್ಣವಿಡುವುದೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿರುವುದು ಈ ವಂಶದಲ್ಲಿಯೇ. ಕೊಲ್ಹಾಪುರದ ಕಿಲ್ಲಾ ಈ ವಂಶಕ್ಕೆ ಸೇರಿದುದಲ್ಲ; ಆದರೆ ಬಣ್ಣ, ಹಳಮೆ, ಕಿರುಗಾತ್ರ ಎಂಬ ಮೂರು ಸಮಸ್ಯೆಗಳು ಎರಡಕ್ಕೂ ಸಮಾನವಾಗಿದ್ದು, ಎರಡೂ ಅವುಗಳನ್ನು ಬೇರೆ ಬೇರೆ ಬಗೆಯಲ್ಲಿ ಬಿಡಿಸಿಕೊಂಡಿವೆ.

ಈ ಸೀಮೆಯ ಮಕ್ಕಳಿಗೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗುವ ಅಗತ್ಯವಿಲ್ಲ. ಕೊಲ್ಹಾಪುರದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರುಗಳಷ್ಟರಲ್ಲಿ, ಶಿಲಾಹಾರರ ಎರಡನೆಯ ಭೋಜನ ಹೆಸರಿನೊಡನೆ ಹೆಣೆದುಕೊಂಡಿರುವ ಪನ್ಹಾಳಗಡವಿದೆ. 1659ರ ನವೆಂಬರಿನಲ್ಲಿ ಶಿವಾಜಿ ಮಹಾರಾಜರು ಅದನ್ನು ಗೆದ್ದದ್ದು, ಮರುವರ್ಷ ಬಿಜಾಪುರದ ಸರದಾರ ಸಿದ್ದಿ ಜೌಹರನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು ಜುಲೈ ತಿಂಗಳ ಮಳೆಯ ರಾತ್ರಿಯೊಂದರಲ್ಲಿ ವಿಶಾಲಗಡದ ಕಡೆಗೆ ತಪ್ಪಿಸಿಕೊಂಡದ್ದು, ಅವರ ವೇಷ ಧರಿಸಿದ ಶಿವಾ ಕಾಶಿದನೂ ಕಣಿವೆಯನ್ನು ತಡೆದು ನಿಂತ ಬಾಜಿಪ್ರಭು ದೇಶಪಾಂಡೆಯೂ ಪ್ರಾಣ ತೆತ್ತದ್ದು, 1673ರಲ್ಲಿ ಕೊಂಡಾಜಿ ಫರ್ಜಂದನು 60 ಮಂದಿಯನ್ನು ಕಟ್ಟಿಕೊಂಡು ರಾತ್ರೋರಾತ್ರಿ ಏರಿ ಕೋಟೆಯನ್ನು ಮರಳಿ ಪಡೆದದ್ದು, ಇವೆಲ್ಲ ಇಲ್ಲಿನ ಹುಡುಗರಿಗೆ ಪಠ್ಯಪುಸ್ತಕ ತೆರೆಯುವ ಮೊದಲೇ ಗೊತ್ತಿರುವ ಸಂಗತಿಗಳು. 2025ರ ಜುಲೈಯಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ 12 ಮರಾಠಾ ದುರ್ಗಗಳಲ್ಲಿ ಪನ್ಹಾಳವೂ ಒಂದು. ಗಡಹಿಂಗ್ಲಜದವರಿಗೆ ತಮ್ಮದೇ ಆದ ಸಾಮಾನಗಡವುಂಟು. 1844ರಲ್ಲಿ ಕೋಟೆ ಕಾಯುವ ಗಡಕರಿಗಳ ದಂಗೆ ಹೊತ್ತಿದ ನೆಲೆಗಳಲ್ಲಿ ಅದೂ ಸೇರಿತ್ತು. ಅದೇ ತಾಲ್ಲೂಕಿನ ನೇಸರಿಯಲ್ಲಿ 1674ರ ಫೆಬ್ರವರಿ 24ರಂದು ಸೇನಾಪತಿ ಪ್ರತಾಪರಾವ್ ಗುಜರನು ಆರೇ ಸವಾರರೊಡನೆ ಬಿಜಾಪುರದ ಬಹಲೋಲಖಾನನ ಸೈನ್ಯದ ಮೇಲೆ ನುಗ್ಗಿ ಮಡಿದನು. ಕಿಲ್ಲಾದ ಬುಡದಲ್ಲಿ ಬಯಲು ಬಿಟ್ಟು ಏಳು ಕುದುರೆಗಳನ್ನು ಸಾಲಾಗಿ ಓಡಿಸಿದ್ದು ಕಂಡರೆ ಅದು ನೇಸರಿಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಏಳು ಎಂಬ ಸಂಖ್ಯೆಯೇ ಅಲ್ಲಿ ಹೆಸರಿನ ಫಲಕ.

ಬೊಂಬೆಗಳನ್ನು ಮಾಡುವವರು ಕುಂಬಾರರು. ಕೊಲ್ಹಾಪುರದ ಶಾಹುಪುರಿ, ಗಂಗಾವೇಸ, ಬಾಪಟ್ ಕ್ಯಾಂಪುಗಳ ಕುಂಬಾರಗೇರಿಗಳಲ್ಲಿ ವರ್ಷವೆಂಬುದು ಪಂಚಾಂಗದ ಪ್ರಕಾರವಲ್ಲ, ಅಚ್ಚುಗಳ ಪ್ರಕಾರ ನಡೆಯುತ್ತದೆ: ಕಾರಹುಣ್ಣಿಮೆಯ ಸುಮಾರಿಗೆ ಎತ್ತಿನ ಹಬ್ಬವಾದ ಕರ್ನಾಟಕೀ ಬೇಂದೂರಕ್ಕೂ, ಅನಂತರ ಆಷಾಢದ ಮಹಾರಾಷ್ಟ್ರ ಬೇಂದೂರಕ್ಕೂ ಮಣ್ಣಿನ ಎತ್ತುಗಳು, ಪಂಚಮಿಗೆ ನಾಗಪ್ಪ, ಭಾದ್ರಪದಕ್ಕೆ ಗಣಪತಿ, ನವರಾತ್ರಿಗೆ ದೇವಿ, ಅದು ಮುಗಿಯುವುದೇ ತಡ ಹಣತೆಗಳೂ ಮಾವಳೆಗಳೂ. ಒಂದೇ ಹಬ್ಬವನ್ನು ಕನ್ನಡಿಗರ ಲೆಕ್ಕಕ್ಕೊಂದು, ಮರಾಠಿಗರ ಲೆಕ್ಕಕ್ಕೊಂದು ಎಂದು ಎರಡು ಸಲ ಆಚರಿಸಿ ಎರಡಕ್ಕೂ ಎತ್ತುಗಳನ್ನು ಮಾರುವ ಊರು ಗಡಿಸೀಮೆಯಲ್ಲಲ್ಲದೆ ಬೇರೆಲ್ಲಿ ಸಿಕ್ಕೀತು? ಹಿಂದೆ ಬೊಂಬೆಗೆ ಶಾಡೂ ಮಣ್ಣೇ ಆಧಾರ. ಎರಡು ಹೋಳಿನ ಅಚ್ಚಿನಲ್ಲಿ ಮಣ್ಣನ್ನು ಬೆರಳಿನಿಂದ ಒತ್ತಿ, ಹೋಳುಗಳನ್ನು ಕೂಡಿಸಿ, ಬೆಸುಗೆಯ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸುತ್ತಿದ್ದರು. ಈಗ ಬಹುಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್. ಕಾಸಿದ ಜಿಪ್ಸಮ್ಮಿನ ಆ ಪುಡಿ ನೀರು ಕಂಡ ಕೆಲವೇ ನಿಮಿಷಗಳಲ್ಲಿ ಬಿಸಿಯೇರುತ್ತ ಗಟ್ಟಿಯಾಗುವುದರಿಂದ ದಿನಗಟ್ಟಲೆ ಒಣಗಿಸುವ ಕೆಲಸ ತಪ್ಪುತ್ತದೆ. ಹಗುರವಾದುದರಿಂದ ಸಾಗಾಟವೂ ಸುಲಭ. ಆದರೆ ತೆಳ್ಳಗಿನ ಅಂಚುಗಳಲ್ಲಿ ಅದು ಬೇಗ ಮುರಿಯುತ್ತದೆ. ಪ್ಲಾಸ್ಟರಿನ ಮಾವಳನ ಕತ್ತಿ ಹಿಡಿದ ಮುಂಗೈ ಮೊದಲನೆಯ ದೀಪಾವಳಿಯನ್ನು ದಾಟಿದರೆ ಅದು ಅವನ ಅದೃಷ್ಟ. ಈ ಕಾರಣದಿಂದಲೇ ಅಚ್ಚು ಮಾಡುವವರು ಕೈಗಳನ್ನು ಮೈಗೆ ಅಂಟಿಸಿ, ಗುರಾಣಿಯನ್ನು ಎದೆಗೆ ಒತ್ತಿಸಿ, ಭರ್ಜಿಯ ಜಾಗದಲ್ಲಿ ತೂತು ಮಾತ್ರ ಬಿಟ್ಟು, ಅದಕ್ಕೆ ಆಮೇಲೆ ತಂತಿಯನ್ನೋ ಬಿದಿರುಕಡ್ಡಿಯನ್ನೋ ಸಿಕ್ಕಿಸುವ ಜಾಣತನ ತೋರುತ್ತಾರೆ.

ಬಣ್ಣವಿಡುವ ಕ್ರಮವನ್ನು ಹತ್ತಿರದಿಂದ ನೋಡುವುದು ಪ್ರಯೋಜನಕರ. ಒಣಗಿದ ಪ್ಲಾಸ್ಟರು ಬಹಳ ಬಾಯಾರಿದ ವಸ್ತು. ನೇರವಾಗಿ ಬಣ್ಣ ಹಚ್ಚಿದರೆ ನೀರನ್ನೆಲ್ಲ ಹೀರಿಕೊಂಡು ಪುಡಿಯನ್ನು ಮಾತ್ರ ಮೇಲೆ ಬಿಡುತ್ತದೆ, ಮುಟ್ಟಿದ ಬೆರಳಿಗೆಲ್ಲ ಅದು ಅಂಟಿಕೊಳ್ಳುತ್ತದೆ. ಆದುದರಿಂದ ಮೊದಲಿಗೆ ಅಂಟು ಬೆರೆಸಿದ ಬಿಳಿಯ ಒಂದು ಲೇಪ. ಅದು ಆರಿದ ಮೇಲೆ ಮುಖಕ್ಕೂ ಕೈಕಾಲಿಗೂ ಮೈಬಣ್ಣ; ಆಮೇಲೆ ಅಂಗರಖೆ, ಆಮೇಲೆ ಮುಂಡಾಸು, ಆಮೇಲೆ ಸೊಂಟದ ಶೇಲೆ, ಆಮೇಲೆ ಕತ್ತಿಗೆ ಬೆಳ್ಳಿಯ ಬಣ್ಣ, ಕಾಲಡಿಯ ಪೀಠಕ್ಕೆ ಹಸುರು. ಒಂದು ಬೊಂಬೆಯನ್ನು ಹಿಡಿದು ಮುಗಿಸುವ ರೂಢಿ ಇಲ್ಲಿಲ್ಲ. ಹಲಗೆಯ ಮೇಲೆ ಸಾಲುಗಟ್ಟಿ ನಿಂತ ನೂರು ಬೊಂಬೆಗಳಿಗೂ ಒಂದು ಬಣ್ಣ ಮುಗಿದ ಮೇಲೆಯೇ ಕುಂಚವನ್ನು ತೊಳೆದು ಇನ್ನೊಂದಕ್ಕೆ ಅದ್ದುವುದು. ಹೀಗಾಗಿ ನಡುಹಗಲಿನಲ್ಲಿ ಹೊಕ್ಕವರಿಗೆ ಕುಂಬಾರರ ಪಡಸಾಲೆಯಲ್ಲಿ ಕಾಣುವುದು ಮುಂಡಾಸಿದ್ದು ಮುಖವಿಲ್ಲದ ಒಂದು ದೊಡ್ಡ ದಂಡು. ಮೀಸೆ, ಹುಬ್ಬು, ಹಣೆಯ ಚಂದ್ರಕೋರ, ಕಟ್ಟಕಡೆಗೆ ಕಣ್ಣು, ಇವು ಮನೆಯ ಹಿರಿಯ ಕೈಗೆ, ಎಷ್ಟೋ ಸಲ ಹೆಂಗಸರ ಕೈಗೆ, ಮೀಸಲು. ಕಣ್ಣಿನ ಬಿಳಿಯ ಮೇಲೆ ಕಪ್ಪು ಚುಕ್ಕೆ ಬೀಳಬೇಕಾದ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಉಸಿರು ಬಿಗಿಹಿಡಿದು ಎರಡೂ ಕಣ್ಣಿಗೆ ಒಂದೇ ಓಟದಲ್ಲಿ ಚುಕ್ಕೆಯಿಟ್ಟು ಕುಂಚ ಮೇಲೆತ್ತದಿದ್ದರೆ, ಒಂದು ಕಣ್ಣು ಹೆಬ್ಬಾಗಿಲನ್ನೂ ಇನ್ನೊಂದು ಅಡುಗೆಮನೆಯನ್ನೂ ಕಾಯುವ ಸಿಪಾಯಿ ತಯಾರಾಗುತ್ತಾನೆ. ಅಂಥವರೂ ಮಾರಾಟವಾಗದೆ ಉಳಿಯುವುದಿಲ್ಲ; ಮಕ್ಕಳು ಅವರನ್ನೇ ಆರಿಸಿ ಕೊಳ್ಳುವುದನ್ನು ನೋಡಿದ್ದೇನೆ.

ಬಣ್ಣಗಳು ಗಾಢವಾದುವು: ಅರಿಶಿನ, ಗುಲಾಬಿ, ಗಿಳಿಹಸುರು, ಕುಂಕುಮಗೆಂಪು. ಇವನ್ನು ಕಂಡು ರುಚಿಹೀನವೆಂದು ಮೂಗು ಮುರಿಯುವ ವಿಮರ್ಶಕರಿದ್ದಾರೆ. ಆದರೆ ಈ ಬೊಂಬೆಗಳು ಹಗಲಿನಲ್ಲಿ ನೋಡುವುದಕ್ಕಾಗಿ ಹುಟ್ಟಿದವಲ್ಲವೆಂಬುದನ್ನು ಅವರು ಮರೆಯುತ್ತಾರೆ. ಎಣ್ಣೆಯ ಹಣತೆಯ ಹೊಂಬೆಳಕು ಮಂಕು ಬಣ್ಣಗಳನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ. ಕಂದು ಅಂಗಿಯ ಸೈನಿಕನು ಕಂದುಮಣ್ಣಿನ ಗೋಡೆಯ ಮುಂದೆ ಸಂಜೆ ಏಳು ಗಂಟೆಗೆ ಇಲ್ಲವೇ ಇಲ್ಲ. ಗುಲಾಬಿ ಅಂಗರಖೆಯವನು ಮಾತ್ರ ತನ್ನ ಬುರುಜಿನ ಮೇಲೆ ಎದ್ದು ಕಾಣುತ್ತಾನೆ. ವಿದ್ಯುದ್ದೀಪಗಳ ಮಾಲೆ ಬಂದ ಮೇಲೂ ವರ್ಣಕ್ರಮ ಬದಲಾಗಲಿಲ್ಲವಾದುದು ರೂಢಿಯ ಬಲ.

ಪ್ರಮಾಣದ ವಿಷಯದಲ್ಲಿ ಕಿಲ್ಲಾ ಯಾವ ಅಳತೆಗೋಲನ್ನೂ ಒಪ್ಪುವುದಿಲ್ಲ. ಸಿಂಹಾಸನಾರೂಢರಾದ ಮಹಾರಾಜರು ಮಹಾದ್ವಾರಕ್ಕಿಂತ ಎತ್ತರ; ಮಾವಳನು ಮಹಾರಾಜರ ಮೊಳಕಾಲಿನ ಮಟ್ಟ; ತೋಪು ಮಾವಳನಿಗಿಂತ ಕಿರಿದು; ಗವಿಯ ಬಾಯಲ್ಲಿ ಕುಳಿತ ಹುಲಿ ಆನೆಗೆ ಸಮ. ಇದನ್ನು ಅಜ್ಞಾನವೆಂದು ಎಣಿಸತಕ್ಕದ್ದಲ್ಲ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಮಡಿದ ವೀರನು ತನ್ನ ಎದುರಾಳಿಗಳಿಗಿಂತ ಎರಡು ಪಟ್ಟು ಬೆಳೆದು ನಿಲ್ಲುವುದಿಲ್ಲವೆ? ಕೊಲ್ಹಾಪುರ ಸೀಮೆಯ ಗುಡಿಗಳ ಆವರಣದಲ್ಲಿಯೂ ಅಂಥ ಕಲ್ಲುಗಳುಂಟು. ಗಾತ್ರವು ಇಲ್ಲಿ ದೂರದ ಅಳತೆಯಲ್ಲ, ಗೌರವದ ಅಳತೆ. ಸೈನಿಕರ ನಡುವೆ ಸೈನಿಕರಲ್ಲದವರೂ ಧಾರಾಳವಾಗಿ ಬರುತ್ತಾರೆ: ತುತ್ತೂರಿ ಊದುವವನು, ಭಾಲ್ದಾರ ಚೋಪದಾರರು, ಗಡಿಗೆ ಹೊತ್ತ ಗವಳಿಗಿತ್ತಿ, ನವಿಲುಗರಿಯ ಟೋಪಿಯ ವಾಸುದೇವ, ಬೀಸುಕಲ್ಲಿನ ಮುಂದೆ ಕುಳಿತ ಅಜ್ಜಿ, ಕೂಸಿಗಾಗಿ ರಾಯಗಡದ ಕಡಿದಾದ ಬಂಡೆಯನ್ನಿಳಿದ ಹಿರಕಣಿ. ಕೋಟೆಯೆಂದರೆ ಬರಿಯ ಠಾಣ್ಯವಲ್ಲ, ಒಂದು ಊರು ಎಂಬ ತಿಳಿವಳಿಕೆ ಈ ಗುಂಪಿನಲ್ಲಿ ಅಡಗಿದೆ.

ಇನ್ನು ಕಿಲ್ಲಾವನ್ನು ಕಟ್ಟುವ ಬಗೆ. ಇಟ್ಟಿಗೆ, ಕಲ್ಲು, ಒಡೆದ ಹೆಂಚುಗಳನ್ನು ಒಟ್ಟಿ ಗುಡ್ಡದ ಅಸ್ಥಿಪಂಜರವನ್ನು ನಿಲ್ಲಿಸಿ, ಜರಡಿ ಹಿಡಿದ ಮಣ್ಣನ್ನು ಬಾಲದಿಯಲ್ಲಿ ನೀರು ಹೊಯ್ದು ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ, ಹಳೆಯ ಗೋಣಿತಟ್ಟನ್ನು ಅದರಲ್ಲಿ ಪೂರ್ತಿ ಮುಳುಗಿಸಿ ತೆಗೆದು ಆ ಪಂಜರದ ಮೇಲೆ ಹೊದಿಸುತ್ತಾರೆ. ಒದ್ದೆ ತಟ್ಟು ತನ್ನ ಭಾರದಿಂದಲೇ ಇಟ್ಟಿಗೆಗಳ ಸಂದಿಯಲ್ಲಿ ಕುಸಿದು ಕಣಿವೆಗಳನ್ನೂ ಏಣುಗಳನ್ನೂ ತಾನೇ ಮಾಡಿಕೊಳ್ಳುತ್ತದೆ; ಬೆರಳಿನಿಂದ ಮಾಡಹೊರಟರೆ ಅಷ್ಟು ಸಹಜವಾದ ಮಡಿಕೆಗಳು ಎಂದೂ ಬರುವುದಿಲ್ಲ. ಅದರ ಮೇಲೆ ದಪ್ಪ ಕೆಸರಿನ ಎರಡನೆಯ ಲೇಪ, ನೆತ್ತಿಯನ್ನು ಸಮಮಾಡಿ ತಟಬಂದಿ, ಬುರುಜು, ಹೆಬ್ಬಾಗಿಲು, ಹಿಂಬದಿಗೆ ದಿಡ್ಡಿಬಾಗಿಲು. ಪನ್ಹಾಳವನ್ನೇ ಕಟ್ಟುವೆವೆಂದು ಪಣತೊಟ್ಟವರು ತೀನ ದರ್ವಾಜೆಯನ್ನೂ, ಸಜ್ಜಾಕೋಠಿಯನ್ನೂ, ಗಂಗಾ, ಯಮುನಾ, ಸರಸ್ವತಿ ಎಂಬ ಹೆಸರಿನ ಕಣಜಗಳುಳ್ಳ ಅಂಬರಖಾನೆಯನ್ನೂ ರಟ್ಟಿನಲ್ಲಿ ಕೊಯ್ದು ಮಣ್ಣು ಮೆತ್ತುತ್ತಾರೆ. ಸಿಂಧುದುರ್ಗವನ್ನು ಕಟ್ಟುವವರು ಅಮ್ಮನ ದೊಡ್ಡ ಪರಾತವನ್ನು ಹೊತ್ತು ತಂದು ಸಮುದ್ರ ಮಾಡುತ್ತಾರೆ. ಶಿವಾಜಿ ಪೇಠ, ಮಂಗಳವಾರ ಪೇಠಗಳ ತಾಲೀಮು ಮಂಡಳಿಗಳು ಕಟ್ಟುವವಾದರೋ ಆಳೆತ್ತರಕ್ಕೆ ಏರುವುದುಂಟು. ಮಗ್ಗಗಳ ಊರಾದ ಇಚಲಕರಂಜಿಯಲ್ಲಿ, 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹೂಡಿದಂದಿನಿಂದ ಬಟ್ಟೆಯ ಚೂರಿಗೆ ಬರವೆಂಬುದಿಲ್ಲವಾಗಿ, ಭಗವಾ ಧ್ವಜಕ್ಕೆ ಕಾಗದ ಕತ್ತರಿಸುವ ಬಡತನ ಯಾವ ಕಿಲ್ಲೇದಾರನಿಗೂ ಒದಗಬೇಕಾಗಿಲ್ಲ.

ಕಟ್ಟಿದ್ದು ಒಣಗಿದ ಮೇಲೆ ಅದಕ್ಕೆ ಹಳಮೆ ಬರಿಸುವ ಕೆಲಸ. ಸಹ್ಯಾದ್ರಿಯ ಈ ಭಾಗದ ದುರ್ಗಗಳ ಬಣ್ಣವೇನೆಂಬುದನ್ನು ಹುಡುಗರು ಕಣ್ಣಿನಿಂದಲೇ ಬಲ್ಲರು: ಕೆಳಗೆ ಕಪ್ಪು ಅಗ್ನಿಶಿಲೆ, ನೆತ್ತಿಯಲ್ಲಿ ಜಂಬಿಟ್ಟಿಗೆಯ ಕೆಂಪು, ಮಳೆಗಾಲದ ಪಾಚಿ ಒಣಗಿ ಗೋಡೆಯ ಮೇಲೆ ಉಳಿದ ಮಸಿಗಪ್ಪು ಜಾಡು, ಅಲ್ಲಲ್ಲಿ ಕಲ್ಲುಹೂವಿನ ಬಿಳಿಯ ಬೊಟ್ಟು. ಇದನ್ನು ತರಲು ಅಂಗಡಿಯ ಬಣ್ಣ ಬೇಕಿಲ್ಲ. ಜಾಜನ್ನು ನೀರಿನಲ್ಲಿ ಕದಡಿ ನೆತ್ತಿಯಿಂದ ಹರಿಯಬಿಟ್ಟರೆ ಅದು ಬಿರುಕುಗಳಲ್ಲಿ ಇಳಿದು ನಿಲ್ಲುತ್ತದೆ. ಇದ್ದಿಲಿನ ಪುಡಿಯನ್ನು ತೆಳುಗೊಳಿಸಿ ಬುರುಜಿನ ಬುಡಕ್ಕೆ ಬಿಟ್ಟರೆ ಹಳೆಯ ನೀರಿನ ಕರೆಯಾಗುತ್ತದೆ. ಸುಣ್ಣದಲ್ಲಿ ಅದ್ದಿದ ಕುಂಚವನ್ನು ಗೋಡೆಗೆ ಒರೆಸಿ ಒರೆಸಿ, ಇನ್ನೇನೂ ಉಳಿದಿಲ್ಲವೆನ್ನುವ ಸ್ಥಿತಿಯಲ್ಲಿ ತಟಬಂದಿಯ ಅಂಚಿಗೆ ತಾಗಿಯೂ ತಾಗದಂತೆ ಎಳೆದರೆ ಶತಮಾನಗಳ ಬಿಸಿಲು ಅಲ್ಲಿಗೆ ಬಂದು ಕೂಡುತ್ತದೆ. ಕಾಲುದಾರಿಗೆ ರಂಗೋಲಿಯ ಹುಡಿ, ಕುಸಿದ ಭಾಗಕ್ಕೆ ಇಟ್ಟಿಗೆಯ ಪುಡಿ. ಒಣಗುವಾಗ ಕೆಸರು ತಾನಾಗಿಯೇ ಸೀಳುವುದನ್ನು ಕಿರಿಯರು ಕಂಡು ಅತ್ತು ಮೆತ್ತಹೋಗುತ್ತಾರೆ. ಹಿರಿಯ ಹುಡುಗರು ತಡೆಯುತ್ತಾರೆ. ಆ ಸೀಳಿನಷ್ಟು ಹಳೆಯದಾಗಿ ಕಾಣುವಂಥದ್ದನ್ನು ಯಾವ ಕುಂಚವೂ ಬರೆಯಲಾರದು.

ಹಸುರಿನ ಪ್ರಕರಣ ಇನ್ನೂ ವಿಲಕ್ಷಣವಾದುದು. ಇಳಿಜಾರುಗಳ ಮೇಲೆ ಸಾಸಿವೆ, ರಾಗಿ, ಅಳ್ವಿಯ ಬೀಜಗಳನ್ನು ಬಿತ್ತಿ, ದಿನಕ್ಕೆರಡು ಸಲ ಕೈಯಿಂದ ನೀರು ಚಿಮುಕಿಸಿ, ಮೂರು ನಾಲ್ಕು ದಿನಗಳಲ್ಲಿ ಗುಡ್ಡವೆಲ್ಲ ಮೊಳೆಯುವಂತೆ ಮಾಡುತ್ತಾರೆ. ಇವುಗಳಲ್ಲಿ ಅಳ್ವಿಯೇ ಶ್ರೇಷ್ಠ. ನೀರು ತಾಗಿದೊಡನೆ ಅದರ ಸಿಪ್ಪೆ ಲೋಳೆ ಬಿಡುವುದರಿಂದ ಕಡಿದಾದ ಬಂಡೆಯ ಮೇಲೂ ಜಾರದೆ ಕಚ್ಚಿಕೊಂಡು ನಿಲ್ಲುತ್ತದೆ, ಸಾಸಿವೆಯಾದರೋ ಉರುಳಿ ಕಂದಕಕ್ಕೆ ಸೇರುತ್ತದೆ. ಗೋವತ್ಸ ದ್ವಾದಶಿಯ ಎರಡು ಮೂರು ದಿನ ಮುಂಚೆ ಬಿತ್ತಿದರೆ ಪಾಡ್ಯಕ್ಕೆ ಎಳೆಹಸುರು ಸಿದ್ಧ. ಹೊತ್ತು ತಪ್ಪಿದವರ ಗುಡ್ಡ ಲಕ್ಷ್ಮೀಪೂಜೆಯಂದೂ ಬೋಳಾಗಿಯೇ ಇದ್ದು, ಅವರು ಹಸುರು ಬಣ್ಣದಲ್ಲಿ ನೆನೆಸಿದ ಮರದ ಹೊಟ್ಟನ್ನು ಉದುರಿಸಿ ಮಾನ ಉಳಿಸಿಕೊಳ್ಳಬೇಕಾಗುತ್ತದೆ. ಇಲ್ಲೊಂದು ಮಾತು. ದೀಪಾವಳಿಯ ಹೊತ್ತಿಗೆ ನಿಜವಾದ ಪನ್ಹಾಳದ ಹುಲ್ಲು ಹಣ್ಣಾಗಿ ಹಳದಿಗೆ ತಿರುಗಿರುತ್ತದೆ. ಹಸುರಾಗಿರುವ ಅಂಗಳದ ಕಿಲ್ಲಾ ಮಳೆಗಾಲದ ಪನ್ಹಾಳ, ಮಹಾರಾಜರು ಮಳೆಯಲ್ಲಿ ಇಳಿದುಹೋದ ಪನ್ಹಾಳ. ಋತುವಿನ ಈ ವ್ಯತ್ಯಾಸವನ್ನು ಯಾರೂ ಯೋಚಿಸಿ ಮಾಡಿದುದಲ್ಲ. ಆದರೂ ಅದು ಒಪ್ಪುತ್ತದೆ.

ಹೊಸದನ್ನು ಹಳೆಯದಾಗಿ ತೋರಿಸುವ ಈ ವಿದ್ಯೆಗೆ ಕೊಲ್ಹಾಪುರದಲ್ಲಿ ಮತ್ತೊಂದು ದೊಡ್ಡ ಪಾಠಶಾಲೆಯೂ ಇದ್ದಿತು. ಚಿತ್ರಕಾರನೂ ಶಿಲ್ಪಿಯೂ ಆಗಿದ್ದ ಬಾಬೂರಾವ್ ಪೇಂಟರ್ (1890–1954) ಈ ಊರಿನಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿ, ನಾಟಕದ ಪರದೆಗಳನ್ನು ಹಿನ್ನೆಲೆಯಾಗಿ ಇಳಿಬಿಡುವ ಅಂದಿನ ಪದ್ಧತಿಯನ್ನು ಕೈಬಿಟ್ಟು, ಗಾತ್ರವೂ ಆಳವೂ ಉಳ್ಳ ರಂಗಸಜ್ಜೆಗಳನ್ನು ನಿಲ್ಲಿಸಿದನು. 1920ರ ಸೈರಂಧ್ರಿಯ ಅನಂತರ 1923ರಲ್ಲಿ ಬಂದ ಅವನ ಸಿಂಹಗಡ ಚಿತ್ರದಲ್ಲಿ ಕೃತಕ ಬೆಳಕನ್ನು ಬಳಸಿ ಕೋಟೆಯ ರಾತ್ರಿಯನ್ನು ತೆರೆಯ ಮೇಲೆ ತಂದನು. ಆಮೇಲೆ ನಿರ್ದೇಶಕ ಭಾಲಜಿ ಪೆಂಢಾರಕರರು ಇಲ್ಲಿನ ಜಯಪ್ರಭಾ ಸ್ಟುಡಿಯೋದಿಂದ ಶಿವಕಾಲದ ಚಿತ್ರಗಳನ್ನು ಒಂದರ ಮೇಲೊಂದು ತೆಗೆದರು. ತಟ್ಟು, ಗಚ್ಚು, ಮಸಿಗಳಿಂದ ಬುರುಜನ್ನು ಎಬ್ಬಿಸಿ ಅದಕ್ಕೆ ಮುನ್ನೂರು ವರ್ಷಗಳ ವಯಸ್ಸನ್ನು ಒಂದು ವಾರದಲ್ಲಿ ಹಚ್ಚಬಲ್ಲ ಬಡಗಿಗಳೂ ಬಣ್ಣಗಾರರೂ ಇದ್ದ ಊರಿನಲ್ಲಿ, ಓಣಿಯ ಕಿಲ್ಲಾಗಳು ಬೇರೆ ಊರುಗಳಿಗಿಂತ ಒಂದು ಕೈ ಮೇಲಾದುದರಲ್ಲಿ ಆಶ್ಚರ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಬೊಂಬೆಯ ನಿಲುವಿಗೂ ಊರಿನಲ್ಲಿಯೇ ಆಧಾರವುಂಟು: ದಂಡಪಟ್ಟಾ, ವಿಟಾ, ಲಾಠಿಗಳನ್ನು ಬೀಸುವ ಮರ್ದಾನಿ ಆಟವನ್ನು ತಾಲೀಮುಗಳಲ್ಲಿ ಕಲಿಯುವ ಹುಡುಗನು, ಮಾವಳನ ಹೆಜ್ಜೆ ತಪ್ಪಾಗಿದ್ದರೆ ಕುಂಬಾರನಿಗೆ ಹೇಳದೆ ಬಿಡುವುದಿಲ್ಲ. ಶಸ್ತ್ರಗಳ ಆಕಾರ ನೋಡಬೇಕೆಂದವರಿಗೆ ಹೊಸ ಅರಮನೆಯ ವಸ್ತುಸಂಗ್ರಹಾಲಯವಿದೆ.

ಪಶ್ಚಿಮದ ಯುದ್ಧಕ್ರೀಡೆಯವರ ಪದ್ಧತಿಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಅವರ ಸೈನಿಕ ಇಂದು ಸಾಮಾನ್ಯವಾಗಿ 28 ಮಿಲಿಮೀಟರು, ಎಂದರೆ ಹೆಬ್ಬೆರಳಿನ ಮೇಲಿನ ಗಿಣ್ಣಿನಷ್ಟು ಎತ್ತರ. ಅಷ್ಟು ಚಿಕ್ಕ ವಸ್ತುವಿನ ಮೇಲೆ ಕೋಣೆಯ ಬೆಳಕು ಸಾಕಷ್ಟು ನೆರಳನ್ನು ಹುಟ್ಟಿಸಲಾರದು. ಅಂಗಿಯ ಮಡಿಕೆಯೂ ಮೂಗಿನ ಪಕ್ಕದ ಕುಳಿಯೂ ಒಂದೇ ಬಣ್ಣವಾಗಿ ಕರಗಿಹೋಗುತ್ತವೆ. ಆದುದರಿಂದ ನೆರಳನ್ನೂ ಬೆಳಕನ್ನೂ ಬಣ್ಣದಲ್ಲಿಯೇ ಬರೆಯಬೇಕಾಗುತ್ತದೆ. ತೀರ ತೆಳುವಾದ ಕಂದುಬಣ್ಣವನ್ನು ಮೈಮೇಲೆ ಹರಿಸಿ ತಗ್ಗುಗಳಲ್ಲಿ ನಿಲ್ಲಿಸುವುದು ಒಂದು ಉಪಾಯ. ಬಟ್ಟೆಗೆ ಒರೆಸಿ ಹೆಚ್ಚುಕಡಿಮೆ ಒಣಗಿದ ಕುಂಚವನ್ನು ಉಬ್ಬುಗಳ ಮೇಲೆ ಸವರುವುದು ಇನ್ನೊಂದು. ಬೂಟಿಗೂ ಟ್ಯಾಂಕಿನ ಗಾಲಿಗೂ ಒಣಬಣ್ಣದ ಪುಡಿಯನ್ನು ಧೂಳಾಗಿ ತೂರುವುದು ಮೂರನೆಯದು. ಸ್ಪಂಜಿನ ಚೂರಿನಿಂದ ಚುಕ್ಕಿಯಿಟ್ಟು ಬಣ್ಣ ಕಿತ್ತು ಲೋಹ ಕಂಡಂತೆ ಮಾಡುವುದೂ ಉಂಟು. ಬೆಲ್ಜಿಯಮ್ಮಿನ ಫ್ರಾನ್ಸ್ವಾ ವರ್ಲಿಂಡನ್, ಅಮೆರಿಕದ ಶೆಪರ್ಡ್ ಪೇನ್ ಮೊದಲಾದವರು 1970ರ ದಶಕದಿಂದೀಚೆಗೆ ಈ ಉಪಾಯಗಳನ್ನು ಜನಪ್ರಿಯಗೊಳಿಸಿದರು. ಈಗ ಓದುಗರು ಹಿಂದಕ್ಕೆ ಹೋಗಿ ನೋಡಲಿ: ಜಾಜಿನ ನೀರು, ಒರೆಸಿದ ಸುಣ್ಣದ ಕುಂಚ, ಇಟ್ಟಿಗೆಯ ಪುಡಿ, ಇವು ಅವೇ ಮೂರು ಉಪಾಯಗಳು. ವ್ಯತ್ಯಾಸವಿರುವುದು ಕೈಯಲ್ಲಲ್ಲ, ಗುರಿಯಲ್ಲಿ. ಅವರು ಸೈನಿಕನನ್ನು ಸವೆಸುತ್ತಾರೆ. ಅವನ ಬೂಟಿನ ಕೆಸರು, ಕೋಟಿನ ಬಿಸಿಲುಗಂದು, ಶಿರಸ್ತ್ರಾಣದ ತುಕ್ಕು ಅವನು ಯುದ್ಧ ಕಂಡವನೆಂಬುದಕ್ಕೆ ಸಾಕ್ಷಿ. ಇಲ್ಲಿಯವರು ಕೋಟೆಯನ್ನು ಸವೆಸುತ್ತಾರೆ, ಸೈನಿಕನನ್ನು ಮುಟ್ಟುವುದಿಲ್ಲ. ಮಾವಳನ ಅಂಗರಖೆಯ ಮೇಲೆ ಕೆಸರು ಹಾರಿದರೆ ತಾಯಿ ಮಗುವಿನ ಮುಖ ಒರೆಸುವ ಹಾಗೆ ಒರೆಸಿ ನಿಲ್ಲಿಸುತ್ತಾರೆ. ದುರ್ಗ ಹಳೆಯದಾಗಬಹುದು, ಕುಸಿಯಬಹುದು, ಪಾಚಿಗಟ್ಟಬಹುದು. ಅದನ್ನು ಕಾಯುವವನು ಮಾತ್ರ ನಿನ್ನೆ ತಾನೆ ನೇಮಕವಾದವನಂತೆ ಇರತಕ್ಕದ್ದು.

ಕನ್ನಡನಾಡಿನ ಬೊಂಬೆಗಾರಿಕೆಯಲ್ಲಿಯೂ ಇದೇ ನಿಲುವು ಕಾಣಬರುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಹಗುರಮರದ ಮೇಲೆ ಹುಣಸೆಬೀಜದ ಅಂಟಿನಿಂದ ಮಾಡಿದ ಲೇಪ ಹಚ್ಚಿ ಮೆರುಗಿನ ಬಣ್ಣವಿಡುವ ಚಿತ್ರಗಾರರಾಗಲಿ, ಗೋಕಾಕದಲ್ಲಿ ಹಣ್ಣು ತರಕಾರಿಗಳನ್ನು ನಿಜವೆಂಬಂತೆ ಮಾಡುವವರಾಗಲಿ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣವನ್ನು ತಿರುಗಣೆಯ ಬಿಸಿಗೆ ಹತ್ತಿಸುವವರಾಗಲಿ ಹಳಮೆಯನ್ನು ಬೇಕೆಂದು ಬರಿಸಿದವರಲ್ಲ. ಮೈಸೂರು ಸೀಮೆಯ ದಸರಾ ಬೊಂಬೆಗಳ ಮೆಟ್ಟಿಲುಗಳ ಮೇಲೆ ಜಂಬೂಸವಾರಿಯ ಸೈನಿಕರು ಸಾಲಾಗಿ ನಡೆಯುತ್ತಾರಾದರೂ ಅವರು ನಡೆಯುವುದು ಮೆರವಣಿಗೆಯಲ್ಲಿ, ಧೂಳಿಲ್ಲದ ಬೀದಿಯಲ್ಲಿ. ಹಿಂದಿನ ತಲೆಮಾರಿನ ಬೊಂಬೆಗೆ ಬಣ್ಣ ಮಾಸಿದರೆ ಅದನ್ನು ಮತ್ತೆ ಬರೆಸುವುದು ನಮ್ಮ ಕ್ರಮ.

ಕಿಲ್ಲಾವು ಕೇವಲ ನೋಟದ ವಸ್ತುವಲ್ಲ, ಆಟದ ವಸ್ತುವೂ ಹೌದು. ಕಳೆದ ವರ್ಷದ ಕೈಮುರಿದ ಮಾವಳೆಗಳನ್ನು ಅಟ್ಟದಿಂದಿಳಿಸಿ, ಬೆಂಕಿಕಡ್ಡಿಯ ಕತ್ತಿ ಅಂಟಿಸಿ, ಉಳಿದ ಬಣ್ಣದಲ್ಲಿ ತೇಪೆ ಹಾಕಿ ಮತ್ತೆ ಪಹರೆಗೆ ಕಳಿಸುತ್ತಾರೆ. ತೀರ ಕೆಟ್ಟವನು ಬುಡದ ಬಯಲಿನಲ್ಲಿ ಗಾಯಗೊಂಡವನಾಗಿ ಮಲಗುತ್ತಾನೆ. ನಾಗಗುಳಿಗೆಯ ಹೊಗೆ, ಸುರುಸುರುಬತ್ತಿಯ ಕಿಡಿ, ಬುರುಜಿನ ಸಂದಿಯಲ್ಲಿಟ್ಟ ಪಟಾಕಿ, ಇವುಗಳಿಂದ ಗೋಡೆಗೆ ಹತ್ತುವ ಮಸಿ ಯಾವ ಇದ್ದಿಲಿನ ನೀರಿಗಿಂತಲೂ ಹೆಚ್ಚು ನಂಬುಗೆ ಹುಟ್ಟಿಸುತ್ತದೆ. ಹಿಂಗಾರಿನ ಮಳೆ ಒಮ್ಮೊಮ್ಮೆ ಎಲ್ಲರಿಗಿಂತ ಮೊದಲು ಕೋಟೆಯನ್ನು ಗೆಲ್ಲುವುದುಂಟು. ನಮ್ಮ ಓಣಿಯಲ್ಲಿ ಒಂದು ವರ್ಷ ನರಕಚತುರ್ದಶಿಯ ಹಿಂದಿನ ರಾತ್ರಿ ತಾಡಪತ್ರಿ ಹೊದಿಸುವ ಸರದಿ ನನ್ನದಾಗಿದ್ದು, ನಾನು ನಿದ್ದೆಹೋದೆ. ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಎದ್ದು ನೋಡಿದರೆ ರಾಯಗಡ ಕರಗಿ ಅಂಗಳವಾಗಿತ್ತು, ಮಹಾರಾಜರು ಸಿಂಹಾಸನಸಮೇತರಾಗಿ ಚರಂಡಿಯ ಅಂಚಿನಲ್ಲಿ ಕುಳಿತಿದ್ದರು, ಅವರ ಬಣ್ಣ ಮಾತ್ರ ಎಳ್ಳಷ್ಟೂ ಹೋಗಿರಲಿಲ್ಲ.

ಈಚೆಗೆ ಕುಂಚದ ಬದಲು ಸ್ಪ್ರೇ ಗನ್ನೂ, ಕೈಯಲ್ಲಿ ಕಟ್ಟುವುದಕ್ಕೆ ಬದಲು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ಲಾಸ್ಟರಿನ ಕಿಲ್ಲಾಗಳೂ ಬಂದಿವೆ. ಸ್ಪ್ರೇ ಗನ್ನಿನಿಂದ ಬಣ್ಣವಿಟ್ಟ ಬೊಂಬೆ ಅಗ್ಗ, ನಯ, ಚೊಕ್ಕ. ಸಾಲಿನಲ್ಲಿ ಒಬ್ಬನ ಮುಖ ಇನ್ನೊಬ್ಬನಿಂದ ಬೇರೆಯಾಗಿ ಕಾಣುವುದಿಲ್ಲವೆಂಬುದೊಂದೇ ಅದರ ದೋಷ, ಆದರೆ ಅದು ದೊಡ್ಡ ದೋಷ. ಕೊಂಡುತಂದ ಕಿಲ್ಲಾದ ವಿಷಯದಲ್ಲಿ ಇಷ್ಟೂ ಹೇಳುವಂತಿಲ್ಲ. ಅದು ಬಿರಿಯುವುದಿಲ್ಲ, ಮೊಳೆಯುವುದಿಲ್ಲ. ಮಂಡಳಿಗಳೂ ಪತ್ರಿಕೆಗಳೂ ನಡೆಸುವ ಕಿಲ್ಲಾ ಸ್ಪರ್ಧೆಗಳು ಮಣ್ಣಿನಲ್ಲಿ ಕಟ್ಟಿದ್ದನ್ನೇ ಎತ್ತಿ ಹಿಡಿಯುತ್ತಿರುವುದರಿಂದ ಹಳೆಯ ಪದ್ಧತಿ ಓಣಿಗಳಲ್ಲಿ ಇನ್ನೂ ಉಸಿರಾಡುತ್ತಿದೆ.

ತುಳಸೀವಿವಾಹದವರೆಗೆ ಕಿಲ್ಲಾ ನಿಂತಿರುತ್ತದೆ. ಅಷ್ಟರಲ್ಲಿ ಅಳ್ವಿಯ ಪೈರು ಬಾಗಿ ಹಳದಿಯಾಗಿ, ಗುಡ್ಡದ ಬಣ್ಣ ಹೊರಗಿನ ಪನ್ಹಾಳದ ಬಣ್ಣಕ್ಕೆ ತಾನಾಗಿಯೇ ಕೂಡಿಕೊಂಡಿರುತ್ತದೆ. ಮರುದಿನ ಬೊಂಬೆಗಳನ್ನು ಒರೆಸಿ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಾರೆ, ಗೋಣಿತಟ್ಟನ್ನು ಜಾಡಿಸಿ ಒಣಗಹಾಕುತ್ತಾರೆ, ಮಣ್ಣನ್ನು ತುಳಸೀಕಟ್ಟೆಗೆ ಸುರಿಯುತ್ತಾರೆ.